ನಡೆದೇ ಆಫೀಸಿಗೆ: ಲಂಡನ್ನಿನ ಕೆನರಿ ವಾರ್ಫ್

ಕೆಲಸದ ಮೇಲೆ ಲಂಡನ್ನಿಗೆ ಹೋದ ಕನ್ನಡಿಗರನ್ನು ಮಾತಾಡಿಸಿ ನೋಡಿ. ಅರ್ಧ ಮಾತು ಮಳೆ ಚಳಿಯದ್ದು, ಉಳಿದರ್ಧ ರೈಲಿನದ್ದು. ಹ್ಯಾರೋದಲ್ಲೋ ಹೌನ್ಸ್‌ಲೋದಲ್ಲೋ ಮನೆ ಹಿಡಿದು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಗುರುತಿಲ್ಲದವರ ಬೆನ್ನಿಗೆ ಮುಖ ಒತ್ತಿಕೊಂಡು ನಿಲ್ಲುವುದು ಅಲ್ಲಿನ ನೌಕರಿಯ ಭಾಗವೇ ಆಗಿದೆ. ಪೂರ್ವ ಲಂಡನ್ನಿನ ಕೆನರಿ ವಾರ್ಫ್‌ನಲ್ಲಿ ಆಫೀಸನ್ನೂ ಮನೆಯನ್ನೂ ಮಾಡಿಕೊಂಡವರು ಈ ಗೋಳಿನಿಂದ ಪಾರು. ನೀರಿನ ದಡದಲ್ಲಿ ಹತ್ತು ನಿಮಿಷ ಕಾಲು ಹಾಕಿದರೆ ಆಫೀಸು ಬಂತು. ಬೆಂಗಳೂರಿನ ಐಟಿ ಕಂಪನಿಗಳು ಇಲ್ಲಿನ ಬ್ಯಾಂಕುಗಳ ಕೆಲಸಕ್ಕೆಂದು ಜನರನ್ನು ಕಳಿಸುತ್ತಲೇ ಇರುವುದರಿಂದ, ಮಧ್ಯಾಹ್ನ ಊಟದ ಸಾಲಿನಲ್ಲಿ ಹಿಂದಿನಿಂದ ಕನ್ನಡ ಕೇಳಿಸಿದರೆ ಯಾರೂ ಅಚ್ಚರಿಯಿಂದ ತಿರುಗಿ ನೋಡುವುದಿಲ್ಲ.

ಥೇಮ್ಸ್ ನದಿ ಇಲ್ಲಿ ದಕ್ಷಿಣಕ್ಕೆ ದೊಡ್ಡದಾಗಿ ಬಳಸಿ ಮತ್ತೆ ಮೇಲೇರುತ್ತದೆ. ಆ ಬಳಸಿನೊಳಗಿನ ನೆಲವೇ ಐಲ್ ಆಫ್ ಡಾಗ್ಸ್. ಅದರ ಉತ್ತರ ಭಾಗದಲ್ಲಿ ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಚಾಚಿದ ನೀರಿನ ಪಟ್ಟಿಗಳು, ಹಿಂದೆ ಹಡಗು ನಿಲ್ಲುತ್ತಿದ್ದ ಡಾಕ್‌ಗಳು; ಅವುಗಳ ನಡುವಿನ ನೆಲದಲ್ಲಿ ಗಾಜಿನ ಗೋಪುರಗಳು. ಪಿರಮಿಡ್ಡಿನಂಥ ತುದಿಯಿರುವ ಒನ್ ಕೆನಡಾ ಸ್ಕ್ವೇರ್ 235 ಮೀಟರ್ ಎತ್ತರದ್ದು. 1991ರಲ್ಲಿ ತೆರೆದ ಅದು, ಶಾರ್ಡ್ ಗೋಪುರ ಮೇಲೇಳುವವರೆಗೆ ಬ್ರಿಟನ್ನಿನ ಅತಿ ಎತ್ತರದ ಕಟ್ಟಡವಾಗಿತ್ತು.

ನಡೆಯುವವರಿಗೆ ಇಲ್ಲಿ ರಾಜಮರ್ಯಾದೆ. ಪಾದಚಾರಿ ಹಾದಿ ಅಗಲವಾಗಿದೆ, ಎಲ್ಲೂ ಒಡೆದ ಕಲ್ಲಿಲ್ಲ, ಬೈಕ್ ಹತ್ತಿಸುವವರಿಲ್ಲ. ಡಾಕ್‌ಗಳ ಮೇಲೆ ಕಾಲುಸೇತುವೆಗಳಿವೆ. ಮಳೆ ಬಂದರೆ ನೆಲದಡಿಯ ಅಂಗಡಿಸಾಲುಗಳೊಳಗೇ ಒಂದು ಕಟ್ಟಡದ ಕೆಳಗಿನಿಂದ ಇನ್ನೊಂದರ ಕೆಳಗೆ ಹೋಗಬಹುದು. 1999ರಲ್ಲಿ ತೆರೆದ ಜುಬಿಲಿ ಲೈನ್ ಮೆಟ್ರೊ ನಿಲ್ದಾಣ ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಸಂಸ್ಥೆಯದ್ದು. ಡಾಕಿನ ಒಂದು ತೋಳಿನ ನೀರು ಖಾಲಿ ಮಾಡಿ, ಆ ಗುಂಡಿಯಲ್ಲೇ ಕಟ್ಟಿದ್ದಾರೆ. 2022ರಲ್ಲಿ ಎಲಿಜಬೆತ್ ಲೈನ್ ಬಂತು; ಹೀಥ್ರೋ ವಿಮಾನ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯೊಳಗೆ ನೇರ ರೈಲು. ಊರಿನಿಂದ ಎರಡು ದೊಡ್ಡ ಸೂಟ್‌ಕೇಸ್ ಹೊತ್ತು ಬರುವ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಉಪಕಾರ ಬೇರಿಲ್ಲ. ಆ ನಿಲ್ದಾಣದ ಮಾಡಿನ ಮೇಲೆ ಮರದ ಜಾಲರಿ ಹೊದ್ದ ತೋಟವೊಂದಿದೆ. ಗ್ರೀನಿಚ್ ಮಧ್ಯಾಹ್ನರೇಖೆ ಪಕ್ಕದಲ್ಲೇ ಹಾದುಹೋಗುವುದರಿಂದ, ಪೂರ್ವದ ದೇಶಗಳ ಗಿಡಗಳನ್ನು ಪೂರ್ವಕ್ಕೂ ಪಶ್ಚಿಮದವನ್ನು ಪಶ್ಚಿಮಕ್ಕೂ ನೆಟ್ಟಿದ್ದಾರೆ. ಟಿಕೆಟ್ ಇಲ್ಲ. ಊಟದ ಡಬ್ಬಿ ಬಿಚ್ಚಲು ಇದಕ್ಕಿಂತ ಬೆಚ್ಚಗಿನ ಜಾಗ ಈ ಸುತ್ತಿನಲ್ಲಿ ನನಗೆ ಗೊತ್ತಿಲ್ಲ.

ಇಷ್ಟು ಅಚ್ಚುಕಟ್ಟು ಎಲ್ಲಿಂದ ಬಂತು? ಇದು ಖಾಸಗಿ ಜಾಗ, ಅದೇ ಉತ್ತರ. ನೂರು ಎಕರೆಗೂ ಮೀರಿದ ಈ ಪ್ರದೇಶದ ಒಡೆತನ ಕೆನರಿ ವಾರ್ಫ್ ಗ್ರೂಪ್‌ನದು. 2015ರಿಂದ ಅದರ ಹಿಂದಿರುವವರು ಕತಾರ್ ಸರ್ಕಾರದ ಹೂಡಿಕೆ ಸಂಸ್ಥೆ ಮತ್ತು ಕೆನಡಾದ ಬ್ರೂಕ್‌ಫೀಲ್ಡ್. ಕಸ ಎತ್ತುವವರಿಂದ ಹಿಡಿದು ಕಾವಲಿನವರವರೆಗೆ ಎಲ್ಲರೂ ಆ ವ್ಯವಸ್ಥೆಯವರೇ. 2011ರಲ್ಲಿ ಆರ್ಥಿಕ ಅಸಮಾನತೆ ವಿರೋಧಿಸುವ ಆಕ್ಯುಪೈ ಚಳವಳಿಯವರು ಇಲ್ಲಿ ಡೇರೆ ಹಾಕದಂತೆ ಕಂಪನಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತ್ತು. ಬೀದಿಯಂತೆ ಕಾಣುವುದೆಲ್ಲ ಇಲ್ಲಿ ಬೀದಿಯಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಹೆಣ್ಣುಮಗಳು ನಿರ್ಭಯವಾಗಿ ಮನೆಗೆ ನಡೆಯಬಹುದು, ಅದು ದೊಡ್ಡ ಮಾತೇ. ಆದರೆ ಕೈಯಲ್ಲೊಂದು ಫಲಕ ಹಿಡಿದು ಇಲ್ಲಿನ ಚೌಕವೊಂದರಲ್ಲಿ ನಿಲ್ಲಬೇಕೆಂದರೆ ಅಪ್ಪಣೆ ಬೇಕು.

ಅಪ್ಪಣೆಯಿಲ್ಲದೆ ಒಳಬರಬಾರದೆಂಬುದು ಈ ನೆಲಕ್ಕೆ ಹೊಸದೇನಲ್ಲ. 1802ರಲ್ಲಿ ವೆಸ್ಟ್ ಇಂಡಿಯಾ ಡಾಕ್ಸ್ ಇಲ್ಲಿ ತೆರೆದದ್ದೇ ಎತ್ತರದ ಗೋಡೆಯೊಳಗೆ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆಳೆದ ಕಬ್ಬಿನ ಸಕ್ಕರೆ, ರಮ್, ಕಾಫಿ ಇಲ್ಲಿ ಇಳಿಯುತ್ತಿತ್ತು; ನದಿಯಲ್ಲಿ ಅದು ಕಳವಾಗುತ್ತದೆಂದು ವ್ಯಾಪಾರಿಗಳು ತಾವೇ ಡಾಕ್ ಕಟ್ಟಿಸಿ ಕಾವಲಿಟ್ಟರು. ಅವರ ಮುಂದಾಳು ರಾಬರ್ಟ್ ಮಿಲಿಗನ್‌ಗೆ ಜಮೈಕಾದಲ್ಲಿ ಕಬ್ಬಿನ ತೋಟಗಳೂ ಗುಲಾಮರೂ ಇದ್ದರು. ಅವನ ಪ್ರತಿಮೆ ಉಗ್ರಾಣದ ಮುಂದೆ ನಿಂತಿತ್ತು. 2020ರ ಜೂನ್‌ನಲ್ಲಿ ಎತ್ತಿಸಿದರು. ಆ ಉಗ್ರಾಣ ಈಗ ಲಂಡನ್ ಡಾಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯ. ಸಕ್ಕರೆ ಮತ್ತು ಗುಲಾಮಗಿರಿಯ ಕತೆಯನ್ನು ಅದು ಮುಚ್ಚಿಡದೆ ಹೇಳುತ್ತದೆ, ಪ್ರವೇಶ ಉಚಿತ. ಎರಡು ಹೆಜ್ಜೆ ಆಚೆ ಅದೇ ಸಾಲಿನ ಇಟ್ಟಿಗೆ ಕಟ್ಟಡಗಳಲ್ಲಿ ಕಾಕ್‌ಟೇಲ್ ಬಾರುಗಳು. ಶುಕ್ರವಾರ ಸಂಜೆ ಅಲ್ಲಿ ರಮ್ ಕುಡಿಯುವವರೆಷ್ಟು ಮಂದಿ ಆ ವಸ್ತುಸಂಗ್ರಹಾಲಯದ ಬಾಗಿಲು ದಾಟಿದ್ದಾರೋ!

ಡಾಕಿನ ಕೂಲಿಗಳಿಗೆ ಕಾಯಂ ಕೆಲಸವಿರಲಿಲ್ಲ. ಬೆಳಿಗ್ಗೆ ಗೇಟಿನ ಮುಂದೆ ಗುಂಪುಗಟ್ಟಬೇಕು, ಮೇಸ್ತ್ರಿ ಬೆರಳು ತೋರಿಸಿದವನಿಗಷ್ಟೇ ಆ ಹೊತ್ತಿನ ಕೂಲಿ. 1889ರ ಆಗಸ್ಟ್‌ನಲ್ಲಿ ಇಲ್ಲಿ ಶುರುವಾದ ಮುಷ್ಕರ ಲಂಡನ್ನಿನ ಡಾಕ್‌ಗಳಿಗೆಲ್ಲ ಹಬ್ಬಿತು. ಗಂಟೆಗೆ ಆರು ಪೆನ್ನಿ ಕೊಡಿ ಎಂಬುದು ಅವರ ಬೇಡಿಕೆ, ಗೆದ್ದರು. ನಮ್ಮ ಕಡೆಯವರ ಹೆಜ್ಜೆಯೂ ಹಳೆಯದೇ. ಲಾಸ್ಕರ್ ಎಂದು ಕರೆಯಲಾಗುತ್ತಿದ್ದ ಭಾರತದ ಹಡಗು ಕೆಲಸಗಾರರು ಮರಳಿ ಹೋಗುವ ಹಡಗು ಸಿಗದೆ ಇಲ್ಲಿನ ಚಳಿಯಲ್ಲಿ ಅಲೆಯುತ್ತಿದ್ದರು. ಅಂಥವರಿಗೆಂದು 1857ರಲ್ಲಿ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ಒಂದು ಆಶ್ರಯಗೃಹ ತೆರೆಯಿತು. ಎರಡು ವರ್ಷದ ವೀಸಾ ಹಿಡಿದು ಬಂದವನು ಗಾಜಿನ ಕಿಟಕಿಯಿಂದ ಕೆಳಗೆ ನೋಡುವಾಗ ಇದು ನೆನಪಿರಲಿ. ಹೊಟ್ಟೆಪಾಡಿಗೆ ಸಮುದ್ರ ದಾಟಿ ಇಲ್ಲಿಗೆ ಬಂದವರಲ್ಲಿ ಅವನು ಮೊದಲಿಗನಲ್ಲ.

ಕಂಟೇನರ್ ಹಡಗುಗಳು ನದಿಯ ಕೆಳಭಾಗದ ಟಿಲ್‌ಬರಿಗೆ ಸರಿದ ಮೇಲೆ 1980ರಲ್ಲಿ ಡಾಕ್ ಮುಚ್ಚಿತು. ಥ್ಯಾಚರ್ ಸರ್ಕಾರ ಮರುವರ್ಷವೇ ಅಭಿವೃದ್ಧಿ ನಿಗಮ ಮಾಡಿತು, ಆಮೇಲೆ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. 1987ರಲ್ಲಿ ಚಾಲಕನಿಲ್ಲದ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ರೈಲು ಓಡತೊಡಗಿತು. ಗೋಪುರ ಕಟ್ಟಿದ ಕೆನಡಾದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ 1992ರಲ್ಲಿ ದಿವಾಳಿಯಾಯಿತು. ಬಾಡಿಗೆದಾರರಿಲ್ಲ, ಟ್ಯೂಬ್ ರೈಲು ಇನ್ನೂ ಬಂದಿಲ್ಲ. ಜುಬಿಲಿ ಲೈನ್ ಬಂದ ಮೇಲೇ ಜಾಗಕ್ಕೆ ಜೀವ ಬಂದದ್ದು.

ಆದರೂ ಬಹುಕಾಲ ಇಲ್ಲಿ ದುಡಿಯುವವರಿದ್ದರು, ಬಾಳುವವರಿರಲಿಲ್ಲ. ಭಾನುವಾರ ಕಾಗೆ ಕೂಗಿದರೂ ಕೇಳಿಸುವಷ್ಟು ಮೌನ. ಖಾಸಗಿ ಎಸ್ಟೇಟಿನೊಳಗೇ ಜನ ವಾಸಕ್ಕೆ ಬರತೊಡಗಿದ್ದು 2020ರ ಆಸುಪಾಸಿನಲ್ಲಿ, ಪೂರ್ವದ ತುದಿಯ ವುಡ್ ವಾರ್ಫ್ ಎದ್ದ ಮೇಲೆ. ಈಗ ಅಲ್ಲಿ ಮಕ್ಕಳ ಗಾಡಿಗಳೂ ನಾಯಿಗಳೂ ಓಡಾಡುತ್ತವೆ. ನಡುವಿನ ಡಾಕಿನಲ್ಲಿ ಬೇಸಿಗೆಯಲ್ಲಿ ಈಜಲು ಬಿಡುತ್ತಾರೆ. ಅದರ ಪಕ್ಕದಲ್ಲೇ 2024ರಲ್ಲಿ ತೇಲುವ ಗಿಡಮಡಿಗಳ ಈಡನ್ ಡಾಕ್ ಬಂತು. ಜನವರಿಯ ಕತ್ತಲಿಗೆ ವಿಂಟರ್ ಲೈಟ್ಸ್ ಎಂಬ ದೀಪಕಲೆಯ ಉತ್ಸವ.

ಬಾಡಿಗೆಯ ಮಾತು ಬಂದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. ಒಂದು ಮಲಗುವ ಕೋಣೆಯ ಮನೆಗೆ ತಿಂಗಳಿಗೆ ಎರಡು ಸಾವಿರ ಪೌಂಡ್ ದಾಟುವುದು ಮಾಮೂಲು, ಕೌನ್ಸಿಲ್ ತೆರಿಗೆ ಬೇರೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಒಂದು ಸಮಾಧಾನವಿದೆ. 2019ರ ಕಾನೂನಿನಂತೆ, ವರ್ಷದ ಬಾಡಿಗೆ ಐವತ್ತು ಸಾವಿರ ಪೌಂಡಿಗಿಂತ ಕಡಿಮೆಯಿದ್ದರೆ ಠೇವಣಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಸರ್ಕಾರಿ ಮಾನ್ಯತೆಯ ಯೋಜನೆಯೊಂದರಡಿ ಭದ್ರಪಡಿಸಲೂ ಬೇಕು. ವೀಸಾ ಪರಿಶೀಲಿಸದೆ ಯಾರೂ ಮನೆ ಕೊಡುವುದಿಲ್ಲ. ಗಾಜಿನ ಮನೆ ಬೇಸಿಗೆಯಲ್ಲಿ ಕುದಿಯುತ್ತದೆ, ಇದನ್ನು ಏಜೆಂಟರು ಹೇಳುವುದಿಲ್ಲ. ಗೋಪುರಗಳ ಸಂದಿನಲ್ಲಿ ನುಗ್ಗುವ ಗಾಳಿಯ ಮಾತನ್ನೂ ಹೇಳುವುದಿಲ್ಲ. ಊರಿನಿಂದ ತಂದ ಛತ್ರಿ ಮೊದಲ ನವೆಂಬರ್ ದಾಟುವುದು ಕಷ್ಟ. ಟೋಪಿಯಿರುವ ಮಳೆಕೋಟು ಕೊಳ್ಳುವುದೇ ಜಾಣತನ.

ಎಸ್ಟೇಟಿನೊಳಗೆ ಸಿಗದ್ದು ಸೊಪ್ಪು ತರಕಾರಿಯ ಅಂಗಡಿ, ಅಂಗಡಿಯವನ ಜೊತೆ ಎರಡು ಮಾತು. ಅದಕ್ಕೆ ಉತ್ತರಕ್ಕೆ ಹೋಗಬೇಕು. ಆಸ್ಪೆನ್ ವೇ ಎಂಬ ಹೆದ್ದಾರಿಯನ್ನು ಪಾಪ್ಲರ್ ನಿಲ್ದಾಣದ ಕಾಲುಸೇತುವೆಯಲ್ಲಿ ದಾಟಿದರೆ ಐದೇ ನಿಮಿಷದಲ್ಲಿ ಬೇರೆ ಲೋಕ. ಈ ಟವರ್ ಹ್ಯಾಮ್ಲೆಟ್ಸ್ ಆಡಳಿತ ಪ್ರದೇಶದಲ್ಲಿ ಮೂವರಲ್ಲಿ ಒಬ್ಬರು ಬಾಂಗ್ಲಾದೇಶ ಮೂಲದವರು, ಹೆಚ್ಚಿನವರು ಸಿಲ್ಹೆಟ್ ಕಡೆಯವರು. ಹಡಗಿನಲ್ಲಿ ದುಡಿಯಲು ಬಂದವರ ಬೆನ್ನಿಗೆ ಬೆಳೆದ ಸಮುದಾಯ ಅದು. 1951ರ ಫೆಸ್ಟಿವಲ್ ಆಫ್ ಬ್ರಿಟನ್ ಎಂಬ ರಾಷ್ಟ್ರೀಯ ಉತ್ಸವದ ಹೊತ್ತಿಗೆ ಕಟ್ಟಿದ ಕ್ರಿಸ್ಪ್ ಸ್ಟ್ರೀಟ್ ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟು, ಬೆಂಡೆಕಾಯಿ, ಹಸಿಮೆಣಸಿನಕಾಯಿ ರಾಶಿ ಬಿದ್ದಿರುತ್ತವೆ. ಇಲ್ಲಿನ ಕೌನ್ಸಿಲ್ ಮನೆಗಳಿಂದ ನೋಡಿದರೆ ಬ್ಯಾಂಕಿನ ಗೋಪುರಗಳು ಕೈಗೆಟಕುವಷ್ಟು ಹತ್ತಿರ. ಆ ಕಡೆಯ ಸಂಬಳ ಈ ಕಡೆಗೆ ಅಷ್ಟು ಸುಲಭವಾಗಿ ಸೇತುವೆ ದಾಟಿ ಬಂದಿಲ್ಲ.

ಇಡ್ಲಿ ದೋಸೆಗೆ, ದೇವಸ್ಥಾನಕ್ಕೆ ಈಸ್ಟ್ ಹ್ಯಾಮ್ ಇದೆ. ಜುಬಿಲಿ ಲೈನಿನಲ್ಲಿ ವೆಸ್ಟ್ ಹ್ಯಾಮ್, ಅಲ್ಲಿ ರೈಲು ಬದಲಿಸಿದರೆ ಮೂರನೇ ನಿಲ್ದಾಣ. ಮೀನು ತಿನ್ನುವವರಿಗೆ ಮಾತ್ರ ಅಷ್ಟು ದೂರವೂ ಬೇಡ. 1982ರಲ್ಲಿ ನಗರದೊಳಗಿನಿಂದ ಇಲ್ಲಿಗೆ ಬಂದ ಬಿಲಿಂಗ್ಸ್‌ಗೇಟ್ ಸಗಟು ಮೀನು ಮಾರುಕಟ್ಟೆ ಡಾಕಿನ ಪಕ್ಕದಲ್ಲೇ ಇದೆ. ಬೆಳಕು ಹರಿಯುವ ಮೊದಲೇ ಎದ್ದು ಹೋದರೆ ಬಂಗುಡೆ ಸಿಗುತ್ತದೆ, ಮಂಗಳೂರಿನ ದಕ್ಕೆಯಷ್ಟೇ ಗದ್ದಲ, ಅಷ್ಟೇ ಜಾರುವ ನೆಲ. ಎಂಟೂವರೆಗೆಲ್ಲ ಮುಗಿಯುತ್ತದೆ, ಭಾನುವಾರ ಸೋಮವಾರ ರಜೆ. ಈ ಮಾರುಕಟ್ಟೆಯನ್ನೂ ಎತ್ತುವ ನಿರ್ಧಾರವಾಗಿದೆ; ನೋಡಬೇಕೆನ್ನುವವರು ತಡ ಮಾಡದಿರಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ನಡಿಗೆ ದಕ್ಷಿಣದ್ದು. ಗೋಪುರಗಳನ್ನು ಬೆನ್ನಿಗೆ ಬಿಟ್ಟು ಅರ್ಧ ಗಂಟೆ ನಡೆದರೆ ಮಡ್‌ಶೂಟ್. ಮಿಲ್‌ವಾಲ್ ಡಾಕಿನಿಂದ ಎತ್ತಿದ ಕೆಸರು ಸುರಿದ ದಿಣ್ಣೆ ಅದು. ಅಲ್ಲಿ ಬಹುಮಹಡಿ ಕಟ್ಟಡ ಬರುವುದನ್ನು 1970ರ ದಶಕದಲ್ಲಿ ಸ್ಥಳೀಯರು ತಡೆದು, 1977ರಲ್ಲಿ ಸಾಕುಪ್ರಾಣಿಗಳ ಫಾರ್ಮ್ ಮಾಡಿದರು. ಈಗ ಕುರಿ, ಹಂದಿ, ಲಾಮಾಗಳು ಮೇಯುತ್ತವೆ, ಹಿಂದೆ ಬ್ಯಾಂಕುಗಳ ದೀಪ. ಇನ್ನೂ ಕೆಳಗೆ ನದಿಯ ದಡ. ಅಲ್ಲಿ ಗಾಜಿನ ಗುಮ್ಮಟದ ಕೆಳಗೆ ಮೆಟ್ಟಿಲಿಳಿದರೆ ಥೇಮ್ಸ್‌ನ ಅಡಿಯಲ್ಲಿ ಸುಮಾರು 370 ಮೀಟರ್ ಉದ್ದದ ಸುರಂಗ, ಆಚೆಗೆ ಗ್ರೀನಿಚ್. ದಕ್ಷಿಣ ದಡದ ಕೂಲಿಗಳು ಡಾಕಿಗೆ ನಡೆದು ಬರಲೆಂದು 1902ರಲ್ಲಿ ತೆರೆದದ್ದು. ಇಂದಿಗೂ ಹಗಲು ರಾತ್ರಿ ತೆರೆದಿರುತ್ತದೆ, ಕಾಸು ಕೇಳುವುದಿಲ್ಲ. ಆಫೀಸಿಗೆ ನಡೆದು ಹೋಗುವ ಸೌಕರ್ಯವನ್ನು ಹೊಸ ಐಷಾರಾಮದಂತೆ ಮಾರುವ ಜಾಹೀರಾತುಗಳನ್ನು ಕಂಡಾಗ ಈ ಸುರಂಗ ನೆನಪಾಗುತ್ತದೆ.

ಕನ್ನಡಿಗರು ಒಮ್ಮೆ ಪಶ್ಚಿಮಕ್ಕೂ ಹೋಗುತ್ತಾರೆ. ಜುಬಿಲಿ ಲೈನಿನಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಹೋಗಿ, ಸೇತುವೆ ದಾಟಿ ನದಿಯ ಬದಿಯಲ್ಲೇ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪ್ರತಿಮೆ ಸಿಗುತ್ತದೆ, 2015ರ ನವೆಂಬರ್‌ನಲ್ಲಿ ಅನಾವರಣಗೊಂಡದ್ದು.

ಬ್ಯಾಂಕುಗಳ ಊರೆಂಬ ಹೆಸರು ಎಷ್ಟು ಕಾಲ ಉಳಿಯುತ್ತದೋ. ಇಲ್ಲಿನ ದೊಡ್ಡ ಗೋಪುರವೊಂದರಲ್ಲಿ ಬೀಡುಬಿಟ್ಟಿದ್ದ ಎಚ್‌ಎಸ್‌ಬಿಸಿ, ಸೇಂಟ್ ಪಾಲ್ಸ್ ಕೆಥೆಡ್ರಲ್ ಬಳಿಯ ಚಿಕ್ಕ ಕಟ್ಟಡಕ್ಕೆ ಹೋಗುವುದಾಗಿ 2023ರಲ್ಲಿ ಹೇಳಿತು. ಕೋವಿಡ್ ನಂತರ ಮನೆಯಿಂದಲೇ ಕೆಲಸ ಮಾಡುವವರು ಹೆಚ್ಚಿದ್ದಾರೆ, ವಸತಿ ಗೋಪುರಗಳೂ ಹೆಚ್ಚಿವೆ. ಒಬ್ಬಂಟಿಯಾಗಿಯೋ ಗಂಡ ಹೆಂಡತಿ ಇಬ್ಬರೇ ಆಗಿಯೋ ಎರಡು ಮೂರು ವರ್ಷಕ್ಕೆ ಬರುವವರಿಗೆ ಲಂಡನ್ನಿನಲ್ಲಿ ಇಷ್ಟು ಸಲೀಸಾದ ಜಾಗ ಅಪರೂಪ, ಕಂಪನಿ ಬಾಡಿಗೆ ಕೊಡುವುದಾದರೆ ಎರಡನೇ ಯೋಚನೆ ಬೇಡ. ಶಾಲೆಗೆ ಹೋಗುವ ಮಕ್ಕಳೂ ಆಗಾಗ ಬಂದಿರುವ ಹಿರಿಯರೂ ಇದ್ದರೆ ದಕ್ಷಿಣದ ಐಲ್ಯಾಂಡ್ ಗಾರ್ಡನ್ಸ್ ಕಡೆ ಹುಡುಕಿ. ನೆಲಕ್ಕೆ ಹತ್ತಿರದ ಮನೆಗಳಿವೆ, ಆಫೀಸಿಗೆ ಡಿಎಲ್‌ಆರ್‌ನಲ್ಲಿ ಕೆಲವೇ ನಿಮಿಷ. ಮನೆ ನೋಡಲು ಒಂದು ಬುಧವಾರ ಮಧ್ಯಾಹ್ನ ಹೋಗಿ, ಒಂದು ಭಾನುವಾರ ರಾತ್ರಿಯೂ ಹೋಗಿ, ಆಮೇಲೆ ಸಹಿ ಹಾಕಿ.