ಬಾಯಿಪಾಠವಲ್ಲದ ಮಹಾಕಾವ್ಯ

ದರೋಜಿ ಎಂದೊಡನೆ ನಿಮಗೆ ಕರಡಿಧಾಮ ನೆನಪಾಗಬಹುದು. ಬಳ್ಳಾರಿ ಜಿಲ್ಲೆಯ ಅದೇ ಊರು ಬುರ್ರಕಥೆಯ ಈರಮ್ಮನವರ ಹೆಸರಿನೊಂದಿಗೂ ಸೇರಿಕೊಂಡಿದೆ. ಅಲೆಮಾರಿ ಬುಡ್ಗಜಂಗಮ ಸಮುದಾಯದ ಈ ಕಲಾವಿದೆಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಅವರು ಹಾಡಬಲ್ಲವರಾಗಿದ್ದ 12 ಕಾವ್ಯಗಳನ್ನು ಬರೆದಿಳಿಸಿದರೆ ಸುಮಾರು 7,000 ಪುಟಗಳಾಗುತ್ತವೆಂದು ಅಂದಾಜು. ಅವುಗಳಲ್ಲಿ ಕೆಲವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪುಸ್ತಕರೂಪದಲ್ಲಿ ತಂದಿತು; 2003ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು. ಈರಮ್ಮ 2014ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಪರೀಕ್ಷೆಗೆಂದು ಹದಿನಾಲ್ಕು ಸಾಲಿನ ಪದ್ಯ ಬಾಯಿಪಾಠ ಮಾಡಿ ಮೂರನೆಯ ದಿನ ಮರೆತ ಅನುಭವ ನಿಮಗಿರಬಹುದು. ಹಾಗಾದರೆ 7,000 ಪುಟಗಳು ಒಬ್ಬರ ತಲೆಯಲ್ಲಿ ಉಳಿದದ್ದು ಹೇಗೆ?

ಉತ್ತರದ ಒಂದು ಭಾಗ ದೂರದ ಯುಗೊಸ್ಲಾವಿಯಾದಿಂದ ಬಂತು. 1933ರಿಂದ 1935ರವರೆಗೆ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಅಲ್ಲಿನ ಹಳ್ಳಿಗಾಡಿನ ಕಥಾಗಾಯಕರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಧ್ವನಿಮುದ್ರಿಸಿಕೊಂಡರು. ಒಂದು ತಟ್ಟೆ ತುಂಬಿದಾಗ ಹಾಡು ತುಂಡಾಗಬಾರದೆಂದು ಎರಡು ಯಂತ್ರಗಳನ್ನು ಜೋಡಿಸಿದ್ದರು. ಇಂದಿನ ನಮ್ಮ ಧ್ವನಿಮುದ್ರಕರೂ ಮೆಚ್ಚುವ ಉಪಾಯ. ಅವರ ಶಿಷ್ಯ ಆಲ್ಬರ್ಟ್ ಲಾರ್ಡ್ 1960ರಲ್ಲಿ ಇದರ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು. ಒಂದಕ್ಷರವೂ ವ್ಯತ್ಯಾಸವಿಲ್ಲದಂತೆ ಅದೇ ಹಾಡನ್ನು ಹಾಡುತ್ತೇನೆ ಎಂದು ಗಾಯಕರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಆದರೆ ಎರಡು ಮುದ್ರಿಕೆಗಳನ್ನು ಹೋಲಿಸಿದರೆ ಸಾಲುಗಳು ಬೇರೆಬೇರೆ! ಅವರು ಕಾವ್ಯವನ್ನು ಬಾಯಿಪಾಠ ಮಾಡಿರಲಿಲ್ಲ. ಪ್ರತಿಸಲವೂ ಹೊಸದಾಗಿ ಕಟ್ಟುತ್ತಿದ್ದರು.

ನಮ್ಮ ಬುರ್ರಕಥೆಯನ್ನು ಈ ದೃಷ್ಟಿಯಿಂದ ಗಮನಿಸಿ. ಕುಮಾರರಾಮನ ಕಥೆಯ ಹಂದರ ಗಟ್ಟಿ: ಕಂಪಿಲರಾಯನ ಮಗ, ಮಲತಾಯಿ ರತ್ನಾಜಿಯ ಮೋಹ, ಅವನ ನಿರಾಕರಣೆ, ತಂದೆಯ ಕೋಪ, ದೆಹಲಿಯ ಸೈನ್ಯದೊಡನೆ ಯುದ್ಧ. ಈ ಹಂದರದ ಮೇಲೆ ಹಬ್ಬಿಸಲು ಕಥೆಗಾರರ ಬಳಿ ಸಿದ್ಧ ತುಣುಕುಗಳಿರುತ್ತವೆ. ಬೆಳಗಾಗುವುದು, ಕುದುರೆಯನ್ನು ಸಿಂಗರಿಸುವುದು, ಹೆಣ್ಣು ಒಡವೆ ಇಡುವುದು, ದಂಡು ಹೊರಡುವುದು ಇವೆಲ್ಲ ಯಾವ ಕಥೆಗಾದರೂ ಹೊಂದುವಂಥವು. ಜೊತೆಗಿರುವ ಹಿಮ್ಮೇಳದವರು ವಾದ್ಯ ನುಡಿಸುತ್ತ ಸೊಲ್ಲು ಎತ್ತಿಕೊಳ್ಳುತ್ತಾರೆ. ಕೇಳುವವರಿಗೆ ಅದು ಇಂಪು. ಮುಂದೆ ಹಾಡುವವರಿಗಾದರೋ ಉಸಿರು ಎಳೆದುಕೊಂಡು ಮುಂದಿನ ಸಾಲು ಯೋಚಿಸಲು ದೊರೆಯುವ ಕೆಲವು ಕ್ಷಣ.

ಇನ್ನೊಂದು ಭಾಗ ಕಥೆಗಾರರ ತಲೆಯಲ್ಲಿಲ್ಲ, ಅವರು ತಿರುಗುವ ದಾರಿಯಲ್ಲಿದೆ. ಸುಗ್ಗಿ ಮುಗಿದು ಕಣದಲ್ಲಿ ಜೋಳ, ಸಜ್ಜೆ ರಾಶಿಯಾದಾಗ ಇಂಥ ಕುಟುಂಬಗಳು ಊರಿಂದೂರಿಗೆ ಹೊರಡುತ್ತಿದ್ದವು. ಊರ ಹೊರಗೆ ಗುಡಾರ. ಸಂಜೆ ಗುಡಿಯ ಮುಂದೆಯೋ ಗೌಡರ ಮನೆಯಂಗಳದಲ್ಲೋ ಕಥೆ. ಬೆಳಿಗ್ಗೆ ಮನೆಮನೆಯಿಂದ ಕಾಳು, ಹಳೆಯ ಬಟ್ಟೆ. ನೋಡುವವರಿಗೆ ಇದು ಭಿಕ್ಷೆ, ಅವರಿಗೆ ದುಡಿಮೆ. ಕೇಳಲು ಕುಳಿತವರಿಗೆ ಕಥೆ ಮೊದಲೇ ಗೊತ್ತು. ಒಂದು ಪ್ರಸಂಗ ಬಿಟ್ಟುಹೋದರೆ ಮುದುಕಿಯೊಬ್ಬಳು ಕೂಗಿ ಕೇಳುತ್ತಾಳೆ. ಜನ ಮೈಮರೆತರೆ ಕಥೆ ಬೆಳಗಿನವರೆಗೆ ಬೆಳೆಯುತ್ತದೆ, ಆಕಳಿಸಿದರೆ ಯುದ್ಧ ಬೇಗ ಮುಗಿಯುತ್ತದೆ. ಹೆಗಲ ಮೇಲೆ ಕುಳಿತು ಊರೂರು ತಿರುಗುವ ಮಗು ಇದನ್ನೆಲ್ಲ ನೂರು ಸಲ ಕೇಳಿಯೇ ಕಲಿಯುತ್ತದೆ. ಪಾಠವೆಂಬುದು ಬೇರೆ ಇಲ್ಲ.

ಕ್ಯಾಮೆರಾ ಹಿಂದೆ ನಿಂತು ಕೆಲಸ ಮಾಡುವ ನಮ್ಮಂಥವರಿಗೆ ಇದು ತೊಡಕಿನ ವಿಷಯ. "ಇನ್ನೊಮ್ಮೆ ಅದೇ ಸಾಲು ಹೇಳಿ ತಾಯಿ" ಎಂದರೆ ಬರುವುದು ಬೇರೆಯೇ ಸಾಲು. ಎರಡನ್ನೂ ಸಂಕಲನದಲ್ಲಿ ಜೋಡಿಸಲಾಗದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಎದುರಿಗೆ ಮುದುಕಿಯೂ ಇಲ್ಲ, ಆಕಳಿಕೆಯೂ ಇಲ್ಲ. ಇಪ್ಪತ್ತು ನಿಮಿಷದ ನಮ್ಮ ಕಾರ್ಯಕ್ರಮ ಒಂದು ರಾತ್ರಿಯ ಕಥೆಯ ಭಾವಚಿತ್ರ ಮಾತ್ರ. ಹಳ್ಳಿಯ ಸಂಜೆಗಳನ್ನು ಕಥೆಗಾರರಿಂದ ಕಿತ್ತುಕೊಂಡವರಲ್ಲಿ ದೂರದರ್ಶನ ಪೆಟ್ಟಿಗೆಯೂ ಒಂದೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಹಾಗೆಂದು ಈ ಕುಟುಂಬಗಳ ಮಕ್ಕಳು ಅಲೆಯುತ್ತಲೇ ಇರಲಿ ಎನ್ನಬಹುದೆ? ಖಾಯಂ ವಿಳಾಸವಿಲ್ಲದವರಿಗೆ ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಪಡೆಯುವುದೇ ಒಂದು ಹೋರಾಟ. ಅವರ ಮಕ್ಕಳಿಗೆ ಶಾಲೆ ಬೇಕು, ಮನೆ ಬೇಕು. ನಮ್ಮ ಕಿವಿಯ ಸಂತೋಷಕ್ಕಾಗಿ ಅವರು ಗುಡಾರದಲ್ಲೇ ಇರಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಶಾಲೆಗೆ ಬಂದ ಆ ಮಗುವಿಗೆ ಕಥೆ ಬರುತ್ತದೆಂಬುದು ಅಲ್ಲಿ ಯಾರಿಗಾದರೂ ಗೊತ್ತಿದೆಯೆ? ವಾರ್ಷಿಕೋತ್ಸವದಲ್ಲಿ ಚಿತ್ರಗೀತೆಗೆ ಕೊಡುವ ಅರ್ಧ ಗಂಟೆಯನ್ನು ಅದರ ತಾಯಿಗೆ ಕೊಟ್ಟರೆ, ಕೇಳುಗರ ಜಾಗದಲ್ಲಿ ನೀವಿರುತ್ತೀರಿ.

ಒಂದು ಪ್ರಯೋಗವನ್ನು ಈ ವಾರವೇ ಮಾಡಬಹುದು. ಮನೆಯ ಹಿರಿಯರಿಂದ ಒಂದೇ ಕಥೆಯನ್ನು ಎರಡು ದಿನ ಹೇಳಿಸಿ, ಧ್ವನಿಮುದ್ರಿಸಿಕೊಂಡು ಪದಪದವಾಗಿ ಬರೆಯಿರಿ. ಎರಡೂ ದಿನ ಬದಲಾಗದ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಎರಡನೆಯ ದಿನ ಪುಟ್ಟ ಮಕ್ಕಳನ್ನೂ ಕೂರಿಸಿಕೊಂಡರೆ ಯಾವ ಭಾಗ ಹಿಗ್ಗಿತು ಎಂಬುದನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.