ಧೀಂಗಿಣಕ್ಕೆ ಮೊದಲು ಬಸ್ಕಿ: ಕಾಸರಗೋಡಿನ ಹೆಣ್ಣುಮಕ್ಕಳ ಯಕ್ಷಗಾನ ಮತ್ತು ಕಾಲಿನ ಬಲ

ನನ್ನ ಧ್ವನಿ ಕೇಳುತ್ತಿದೆ ಅಂದುಕೊಳ್ಳುತ್ತೇನೆ. ಈ ಗೋಷ್ಠಿಯಲ್ಲಿ ಈವರೆಗೆ ಶಾಲೆ, ಪಠ್ಯಪುಸ್ತಕ, ಆಡಳಿತ ಭಾಷೆಗಳ ಮಾತಾಯಿತು. ನಾನು ತೊಡೆ, ಮಂಡಿ, ಮೀನಖಂಡಗಳ ವಿಷಯ ಹೇಳಲು ಹೊರಟಿದ್ದೇನೆ. ಸಾಹಿತ್ಯದ ವಿದ್ಯಾರ್ಥಿನಿಗೆ ಇದೆಲ್ಲ ಯಾಕೆ ಎಂದು ಅನಿಸಬಹುದು. ಆದರೆ ಕಾಸರಗೋಡಿನಲ್ಲಿ ಕನ್ನಡ ಪುಸ್ತಕದಲ್ಲಿ ಮಾತ್ರ ಉಳಿದದ್ದಲ್ಲ, ಯಕ್ಷಗಾನದ ರಂಗಸ್ಥಳದಲ್ಲೂ ಉಳಿದದ್ದು. ಆ ರಂಗಸ್ಥಳಕ್ಕೆ ಈಗ ಹುಡುಗಿಯರು ಇಳಿಯುತ್ತಿದ್ದಾರೆ. ಅವರ ಕಾಲು ಗಟ್ಟಿಯಾಗಿರಬೇಕಾದದ್ದು ನಮ್ಮ ಭಾಷೆಯ ಅಗತ್ಯವೂ ಹೌದು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವಂಥದ್ದೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಪಾರ್ತಿಸುಬ್ಬನ ಕುಂಬಳೆಯೂ ಅದರೊಂದಿಗೆ ಹೋಯಿತು. ಹಾಗಿದ್ದರೂ ತೆಂಕುತಿಟ್ಟಿನ ಆಟ ನಿಲ್ಲಲಿಲ್ಲ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ವೃತ್ತಿಪರ ಮೇಳಗಳಲ್ಲಿ ಭಾಗವತಿಕೆ ಮಾಡಿ ದಾರಿ ತೆರೆದರು. ಅವರು ರಂಗಕ್ಕೆ ಬಂದದ್ದು ಕಂಠದ ಬಲದಿಂದ. ಕಾಲಿನ ಬಲದಿಂದ ಬರಬೇಕಾದವರ ಸಂಗತಿ ನನ್ನ ಇವತ್ತಿನ ವಿಷಯ.

1. ಮೂರನೆಯ ಸುತ್ತು

ನಾನು ಕಲಿತ ತರಗತಿ ವಾರಕ್ಕೆ ಒಂದು ದಿನ, ಒಂದೂವರೆ ಗಂಟೆ. ಹೆಜ್ಜೆ, ತಾಳ, ಅಭಿನಯ ಎಲ್ಲ ಚೆನ್ನಾಗಿಯೇ ಹೇಳಿಕೊಟ್ಟರು. ಹೆಣ್ಣುಮಕ್ಕಳದೇ ತಂಡವಾದ್ದರಿಂದ ಸ್ತ್ರೀವೇಷಕ್ಕೆ ನಿಂತರೆ ಸಾಲದು, ಅಭಿಮನ್ಯು, ಬಭ್ರುವಾಹನ, ಚಂಡಮುಂಡರಂಥ ಪುಂಡುವೇಷಗಳನ್ನೂ ನಾವೇ ಮಾಡಬೇಕು. ಪುಂಡುವೇಷ ಅಂದರೆ ಧೀಂಗಿಣ: ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಗೆದು, ಗಾಳಿಯಲ್ಲೇ ತಿರುಗಿ, ಇಳಿದ ಕಾಲಲ್ಲೇ ಮತ್ತೆ ನೆಗೆಯುವುದು.

ಒಂದು ಸಂಜೆ ಮೂರನೆಯ ಸುತ್ತಿನಲ್ಲಿ ಇಳಿಯುವಾಗ ನನ್ನ ಎಡಮಂಡಿ ಒಳಕ್ಕೆ ವಾಲಿ ತಿರುಚಿತು. ಊತ ಇಳಿಯಲು ವಾರಗಳು ಹಿಡಿದವು. ಆಗ ಕೇಳಿದ ಮಾತು: "ಹುಡುಗಿಯರಿಗೆ ಧೀಂಗಿಣ ಬೇಡ ಅಂತ ಅದಕ್ಕೇ ಹೇಳುವುದು. ಕಾಲಲ್ಲಿ ಅಷ್ಟು ಬಲ ಇರುವುದಿಲ್ಲ." ಹೇಳಿದವರು ಕೆಟ್ಟವರಲ್ಲ, ಕಾಳಜಿಯಿಂದಲೇ ಹೇಳಿದ್ದು. ಆದರೆ 'ಇರುವುದಿಲ್ಲ' ಎಂಬ ಮಾತು ನನಗೆ ಕುಟುಕಿತು. ಬಲ ಹುಟ್ಟಿನಿಂದ ಇಲ್ಲವೋ, ಅಥವಾ ಯಾರೂ ಬೆಳೆಸಲಿಲ್ಲವೋ?

2. ಇಳಿಯುವಾಗ ಏನಾಗುತ್ತದೆ

ನೆಗೆದು ಇಳಿಯುವಾಗ ಕಾಲಿನ ಮೇಲೆ ಬೀಳುವ ಹೊರೆ ನಮ್ಮ ತೂಕದ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಅದನ್ನು ಹೀರಿಕೊಳ್ಳಬೇಕಾದದ್ದು ಸ್ನಾಯು. ತೊಡೆಯ ಮುಂಭಾಗದ ಸ್ನಾಯುಗಳು ಮಂಡಿ ಕುಸಿಯದಂತೆ ಹಿಡಿಯುತ್ತವೆ. ಹಿಂಭಾಗದವು ಮೊಣಕಾಲೆಲುಬು ಮುಂದಕ್ಕೆ ಜಾರದಂತೆ ಎಳೆಯುತ್ತವೆ. ಪೃಷ್ಠದ ದೊಡ್ಡ ಸ್ನಾಯು ಸೊಂಟವನ್ನು ನೆಟ್ಟಗೆ ಮಾಡುತ್ತದೆ. ಅದರ ಬದಿಯಲ್ಲಿರುವ ಚಿಕ್ಕ ಸ್ನಾಯು ತೊಡೆ ಒಳಕ್ಕೆ ವಾಲದಂತೆ ನೋಡಿಕೊಳ್ಳುತ್ತದೆ. ಮೀನಖಂಡ ಮೊದಲ ಪೆಟ್ಟು ತಿನ್ನುತ್ತದೆ. ಇವು ಸೋತರೆ ಹೊರೆ ನೇರವಾಗಿ ಮಂಡಿಯೊಳಗಿನ ಅಸ್ಥಿರಜ್ಜುಗಳ ಮೇಲೆ. ನನ್ನಲ್ಲಿ ಮಂಡಿ ಒಳಕ್ಕೆ ವಾಲಿದ್ದರ ಮೂಲ ಸೊಂಟದ ಬದಿಯ ಬಲಹೀನತೆ ಎಂದು ಆಮೇಲೆ ಗೊತ್ತಾಯಿತು.

ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಮಂಡಿಯ ಮುಂಭಾಗದ ಅಡ್ಡರಜ್ಜು ಹರಿಯುವುದು ಪುರುಷರಿಗಿಂತ ಮಹಿಳೆಯರಲ್ಲಿ ಎರಡರಿಂದ ಎಂಟು ಪಟ್ಟು ಹೆಚ್ಚು ಎಂಬ ಅಂದಾಜುಗಳಿವೆ. ಇಲ್ಲಿಗೇ ನಿಲ್ಲಿಸಿದರೆ "ಹುಡುಗಿಯರಿಗೆ ಬೇಡ" ಎನ್ನುವವರ ಮಾತೇ ಗೆದ್ದಂತೆ. ಆದರೆ ಮುಂದಿನ ಮಾತೂ ಉಂಟು: ಬಲ ಮತ್ತು ಇಳಿಯುವ ಕ್ರಮ ಎರಡನ್ನೂ ಅಭ್ಯಾಸ ಮಾಡಿಸಿದಾಗ ಆಟಗಾರ್ತಿಯರಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. 'ಫಿಫಾ 11+' ಎಂಬ ಇಪ್ಪತ್ತು ನಿಮಿಷದ ಸಿದ್ಧತೆಯಲ್ಲಿ ಬಸ್ಕಿ, ನೆಗೆತ, ಒಂಟಿಕಾಲಿನ ನಿಲುವು ಎಲ್ಲ ಇರುವುದು ಇದಕ್ಕೇ. ಇನ್ನೊಂದು ವಿಷಯ. ಗಂಡು ಹೆಣ್ಣಿನ ಬಲದ ಅಂತರ ತೋಳು, ಭುಜಗಳಲ್ಲಿ ಹೆಚ್ಚು, ಕಾಲಿನಲ್ಲಿ ಕಡಿಮೆ. ಅಂದರೆ ಯಾವ ಅಂಗ ನಮ್ಮಲ್ಲಿ ಹೆಚ್ಚು ಸಮರ್ಥವೋ ಅದನ್ನೇ ನಾವು ದುರ್ಬಲ ಎಂದು ಒಪ್ಪಿಕೊಂಡು ಕೂತಿದ್ದೇವೆ.

3. ಮುಟ್ಟು ಮತ್ತು ಮಂಡಿ

ಇಲ್ಲಿ ಗಡಿಯ ವಿಷಯ ಬರುತ್ತದೆ. ನನಗೆ ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಸ್ಟ್ ಮಲಯಾಳಿ. ಮೊದಲ ದಿನ ಕೇಳಿದ್ದು "ಮುಟ್ಟುವೇದನ ಉಂಡೋ?" ಎಂದು. ಮಲಯಾಳದಲ್ಲಿ 'ಮುಟ್ಟ್' ಅಂದರೆ ಮಂಡಿ. ಜತೆಗೆ ಬಂದಿದ್ದ ನನ್ನ ದೊಡ್ಡಮ್ಮ ಕಣ್ಣು ಕೆಳಗೆ ಹಾಕಿ, "ಅದೆಲ್ಲ ಸರಿಯಾಗಿ ಆಗ್ತದೆ ಇವಳಿಗೆ" ಅಂದರು. ನಾನು ನಕ್ಕೆ. ಆದರೆ ಮನೆಗೆ ಬಂದ ಮೇಲೆ ದೊಡ್ಡಮ್ಮ ಹೇಳಿದ ಮಾತು ನಗುವಂಥದ್ದಲ್ಲ: "ನನಗೂ ಮಂಡಿ ನೋವು ಉಂಟು ಮಾರಾಯ್ತಿ, ಅಲ್ಲಿ ಹೇಗೆ ಹೇಳುವುದು ಅಂತ ಗೊತ್ತಿಲ್ಲದೆ ಸುಮ್ಮನಿದ್ದೇನೆ." ತೊಡೆಗೆ ಅಲ್ಲಿ 'ತುಡ', ಅದು ಅರ್ಥವಾಗುತ್ತದೆ. ಆದರೆ ಒಂದೇ ಶಬ್ದ ಎರಡು ಭಾಷೆಯಲ್ಲಿ ಬೇರೆ ಅರ್ಥ ಕೊಟ್ಟಾಗ, ಅದರಲ್ಲೂ ಒಂದು ಅರ್ಥ ಹೆಂಗಸರು ಬಾಯಿಬಿಟ್ಟು ಹೇಳದಂಥದ್ದಾದಾಗ, ನೋವೇ ಮೌನವಾಗುತ್ತದೆ.

ಕನ್ನಡದೊಳಗೂ ಒಂದು ತೊಡಕುಂಟು. 'ಬಸ್ಕಿ' ಎಂಬ ಒಳ್ಳೆಯ ಶಬ್ದವನ್ನು ನಾವು ಶಾಲೆಯಲ್ಲಿ ಕಲಿತದ್ದು ಶಿಕ್ಷೆಯಾಗಿ, ಅದೂ ಕಿವಿ ಹಿಡಿದುಕೊಂಡು. ಗರಡಿಮನೆಯಲ್ಲಿ ಅದು ಸಾಧನೆ. ಹುಡುಗಿಯರಿಗೆ ಗರಡಿಯ ಬಾಗಿಲು ತೆರೆದಿರಲಿಲ್ಲವಾದ್ದರಿಂದ ಶಿಕ್ಷೆಯ ಅರ್ಥ ಮಾತ್ರ ಉಳಿಯಿತು.

4. ದುಡಿಮೆಯೇ ತರಬೇತಿಯಲ್ಲವೇ?

"ಹಿಂದಿನವರು ಮೆಟ್ಟುಕತ್ತಿಯಲ್ಲಿ ಕೂತು, ಬಾವಿಯಿಂದ ನೀರು ಸೇದಿ ಗಟ್ಟಿಯಾಗಿದ್ದರು" ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಅರ್ಧ ನಿಜ. ಕುಕ್ಕರುಗಾಲಲ್ಲಿ ಕೂತು ಏಳುತ್ತಿದ್ದ ನನ್ನ ಅಜ್ಜಿಯ ಸೊಂಟ ಚೆನ್ನಾಗಿ ಬಗ್ಗುತ್ತಿತ್ತು. ಆದರೆ ಅಜ್ಜಿಯ ಮಂಡಿಯೂ ನೋಯುತ್ತಿತ್ತು. ದುಡಿಮೆಯಲ್ಲಿ ಹೊರೆಯನ್ನು ನಮ್ಮ ಶಕ್ತಿ ನೋಡಿ ಹೆಚ್ಚಿಸುವುದಿಲ್ಲ, ವಿಶ್ರಾಂತಿ ಇಲ್ಲ, ತಿನ್ನುವುದು ಎಲ್ಲರದ್ದೂ ಆದ ಮೇಲೆ. ತರಬೇತಿಯಲ್ಲಿ ಹೊರೆ, ವಿಶ್ರಾಂತಿ, ಆಹಾರ ಮೂರೂ ಲೆಕ್ಕದಲ್ಲಿರುತ್ತವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ 15ರಿಂದ 49 ವಯಸ್ಸಿನ ಭಾರತದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ರಕ್ತವೇ ಕಡಿಮೆ ಇರುವಾಗ ಬಸ್ಕಿ ಹೊಡೆದರೆ ಸುಸ್ತು ಬರುತ್ತದೆ, ಬಲ ಬರುವುದು ನಿಧಾನ.

5. ನಾನು ಮಾಡಿದ್ದು

ಮನೆಯಲ್ಲಿರುವ ಸಾಮಾನಿನಲ್ಲೇ ಆಗುತ್ತದೆ. ಮೊದಲು ಕುರ್ಚಿಗೆ ಕೂತು ಏಳುವ ಬಸ್ಕಿ, ಆಮೇಲೆ ಕುರ್ಚಿ ಇಲ್ಲದೆ. ಮಂಡಿ ಕಾಲಿನ ಎರಡನೆಯ ಬೆರಳಿನ ದಿಕ್ಕಿಗೇ ಹೋಗಬೇಕು, ಒಳಕ್ಕಲ್ಲ. ಅಂಗಾತ ಮಲಗಿ ಸೊಂಟ ಎತ್ತುವುದು. ಜಗಲಿಯ ಮೆಟ್ಟಿಲಿಗೆ ಒಂದೇ ಕಾಲಲ್ಲಿ ಹತ್ತಿ ನಿಧಾನ ಇಳಿಯುವುದು. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಗ್ಗಿ ತೆಂಗಿನಕಾಯಿಯ ಚೀಲ ಎತ್ತುವುದು. ತುದಿಗಾಲಲ್ಲಿ ಏಳುವುದು. ಬದಿಗೆ ಮಲಗಿ ಕಾಲೆತ್ತುವುದು.

ಒಂದೊಂದೂ 8ರಿಂದ 12 ಸಲ, ಎರಡು ಮೂರು ಸರದಿ. ಕೊನೆಯ ಎರಡು ಕಷ್ಟವಾಗಬೇಕು. ಆಗದಿದ್ದರೆ ಚೀಲಕ್ಕೆ ಒಂದು ಕಾಯಿ ಸೇರಿಸಬೇಕು. ವಾರಕ್ಕೆ ಎರಡು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆಲ್ಲ ಹೇಳಿದ್ದೂ ವಾರಕ್ಕೆ ಕನಿಷ್ಠ ಎರಡು ದಿನದ ಸ್ನಾಯುಬಲದ ವ್ಯಾಯಾಮ. ಮಧ್ಯೆ ಒಂದೆರಡು ದಿನ ಬಿಡಬೇಕು, ಸ್ನಾಯು ಬೆಳೆಯುವುದು ಆ ಬಿಡುವಿನಲ್ಲಿ. ಮೊದಲ ಕೆಲವು ವಾರ ಕಾಲು ದಪ್ಪವಾಗದೆಯೇ ಬಲ ಹೆಚ್ಚುತ್ತದೆ, ಯಾಕೆಂದರೆ ಮೊದಲು ಕಲಿಯುವುದು ನರಗಳು. ಎರಡು ತಿಂಗಳಾದ ಮೇಲೆ ಒಂದು ಮೆಟ್ಟಿಲಿನಿಂದ ಸದ್ದಿಲ್ಲದೆ ನೆಗೆದು ಇಳಿಯುವ ಅಭ್ಯಾಸ. ಸದ್ದಾಯಿತು ಅಂದರೆ ಹೊರೆ ಎಲುಬಿಗೆ ಹೋಯಿತು ಎಂದೇ ಲೆಕ್ಕ. ಆಮೇಲೆ ಧೀಂಗಿಣ, ದಿನಕ್ಕೆ ಎರಡು ಮಾತ್ರ. ನೋವಿರುವವರು, ಗಾಯವಾದವರು ತಜ್ಞರಿಗೆ ತೋರಿಸಿಯೇ ಶುರು ಮಾಡಬೇಕು. ನಾನೂ ಹಾಗೇ ಮಾಡಿದ್ದು.

ಚರ್ಚೆಯ ವೇಳೆ

ಒಬ್ಬ ಗುರುಗಳು ಕೇಳಿದರು: ಇದರಿಂದ ಹುಡುಗಿಯರ ಮೈಕಟ್ಟು ಗಂಡಸರಂತಾಗಿ ಲಾಸ್ಯ ಕೆಡುವುದಿಲ್ಲವೇ?

ಇಲ್ಲ ಸರ್. ಸ್ನಾಯು ದಪ್ಪವಾಗಿಸುವ ಟೆಸ್ಟೋಸ್ಟೆರೋನ್ ವಯಸ್ಕ ಪುರುಷರಲ್ಲಿ ನಮಗಿಂತ ಸುಮಾರು 15 ಪಟ್ಟು ಹೆಚ್ಚು. ವಾರಕ್ಕೆರಡು ದಿನ ಕಾಯಿ ಚೀಲ ಎತ್ತಿದ ಮಾತ್ರಕ್ಕೆ ಹಾಗಾಗುವುದಿಲ್ಲ. ಲಾಸ್ಯಕ್ಕೂ ಬೇಕಾದದ್ದು ಹಿಡಿತವೇ. ಅರೆಮಂಡಿಯಲ್ಲಿ ನಿಧಾನ ಇಳಿಯಲು ನೆಗೆಯುವುದಕ್ಕಿಂತ ಹೆಚ್ಚು ಬಲ ಬೇಕೆಂದು ಅನಿಸಿದ ದಿನಗಳುಂಟು.

ಸ್ನೇಹಿತೆಯೊಬ್ಬಳು ಕೇಳಿದಳು: ಈಗ ಎಷ್ಟು ಸುತ್ತು ಹೊಡೀತೀಯ?

ಹನ್ನೊಂದು. ದೊಡ್ಡ ಕಲಾವಿದರ ಮುಂದೆ ಅದು ಲೆಕ್ಕಕ್ಕಿಲ್ಲ. ಆದರೆ ಮೂರರಲ್ಲಿ ಬಿದ್ದವಳಿಗೆ ಹನ್ನೊಂದು ದೊಡ್ಡದು. ದೊಡ್ಡಮ್ಮನೂ ಈಗ ಸಂಜೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುತ್ತಾರೆ. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬು ಬೇಗ ಸವೆಯುತ್ತದೆ, ಹೊರೆ ಬಿದ್ದರೆ ಎಲುಬೂ ಗಟ್ಟಿ ಉಳಿಯುತ್ತದೆ ಎಂದು ವಿವರಿಸಿದ್ದೆ. ನಮ್ಮ ಕಡೆ ಹಿರಿಯರು ದೇವರಲ್ಲಿ ಕೇಳುವುದು ಒಂದೇ, ಕೈಕಾಲು ಗಟ್ಟಿ ಇರುವಾಗಲೇ ಹೋಗಬೇಕು ಅಂತ. ದೊಡ್ಡಮ್ಮ ಮೊನ್ನೆ ಅದನ್ನು ಸ್ವಲ್ಪ ತಿದ್ದಿದರು: "ಹೋಗುವುದು ಆಮೇಲೆ ನೋಡುವ. ಮೊದಲು ಗಟ್ಟಿಯಾಗಲಿ."

ನನ್ನ ಮಾತು ಇಷ್ಟೇ. ಯಕ್ಷಗಾನ ತರಗತಿ ನಡೆಸುವವರು ಹೆಜ್ಜೆಗೆ ಮೊದಲು ಇಪ್ಪತ್ತು ನಿಮಿಷ ಕಾಲಿಗೆ ಕೊಡಲಿ, ಅದನ್ನು ಕನ್ನಡದಲ್ಲೇ ಹೇಳಿಕೊಡಲಿ.