ಬಾಟಲಿ ತುಂಬಿದ ಚಿಲ್ಲರೆ: ಬ್ಯಾಂಕ್ ಬೇಡ ಅನ್ನುವಂತಿಲ್ಲ, ಆದರೂ ಅನ್ನುತ್ತದೆ ಯಾಕೆ?

ಮಲೆನಾಡಿನ ಯಾವ ಮನೆಗೆ ಹೋದರೂ ಒಂದು ಮೂಲೆಯಲ್ಲಿ ಚಿಲ್ಲರೆ ಸೇರಿಕೊಂಡಿರುತ್ತದೆ. ದೇವರ ಕೋಣೆಯಲ್ಲಿ ಧರ್ಮಸ್ಥಳಕ್ಕೆ ಅಂತ ಕಟ್ಟಿಟ್ಟ ಮುಡಿಪು, ಅಡುಗೆಮನೆಯಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿ, ಮಕ್ಕಳ ಮಣ್ಣಿನ ಹುಂಡಿ. ಗೂಡಂಗಡಿಯವರ ಹತ್ತಿರವಾದರೆ ಬಾಟಲಿ ಸಾಲದು, ಚೀಲವೇ ಬೇಕು. ಇದನ್ನು ನೋಟು ಮಾಡಿಕೊಳ್ಳೋದು ಹೇಗೆ ಅಂತ ಮೂಡಿಗೆರೆ, ಬಣಕಲ್, ಕಳಸದ ಕಡೆ ಹಲವರು ನನ್ನನ್ನು ಕೇಳಿದ್ದಾರೆ. ಬ್ಯಾಂಕಿಗೆ ಹೋದರೆ ಸಿಗುವ ಉತ್ತರವೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: "ಇದನ್ನೆಲ್ಲ ಎಣಿಸೋರು ಯಾರು ಮಾರಾಯ್ರೆ, ಮುಂದಿನ ವಾರ ಬನ್ನಿ."

ಮುಂದಿನ ವಾರ ಬರೋದು ಕೆಲವರಿಗೆ ಸುಲಭ. ಕಾರಲ್ಲಿ ಓಡಾಡುವವರಿಗೆ ಚಿಲ್ಲರೆ ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಬಿದ್ದಿರುವ ಸದ್ದು ಅಷ್ಟೆ. ಆದರೆ ದಿನಗೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರಿಗೆ ವಾಪಸ್ ಹೋಗುವುದು ಅಂದರೆ ನಷ್ಟ. ತಮ್ಮದೇ ದುಡ್ಡನ್ನು ದುಡ್ಡು ಅಂತ ಒಪ್ಪಿಸಲು ಅವರು ದುಡ್ಡು ಖರ್ಚು ಮಾಡಬೇಕು. ಅದಕ್ಕೇ ಈ ವಿಷಯ ಕಾಣುವಷ್ಟು ಚಿಲ್ಲರೆ ಅಲ್ಲ.

ಚಿಲ್ಲರೆ ನಿಂತುಹೋದದ್ದು ಎಲ್ಲಿ?

ನಾಣ್ಯ ಮಾಡಿಸುವುದು ಕೇಂದ್ರ ಸರ್ಕಾರ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಹೀಗೆ ನಾಲ್ಕು ಕಡೆ ಟಂಕಸಾಲೆಗಳಿವೆ. ಜನರಿಗೆ ಹಂಚುವ ಕೆಲಸ ರಿಸರ್ವ್ ಬ್ಯಾಂಕಿನದು; ಅದು ಬ್ಯಾಂಕ್‌ಗಳ ಮೂಲಕ ಹಂಚುತ್ತದೆ. ಬ್ಯಾಂಕಿನಿಂದ ಅಂಗಡಿಗೆ, ಅಂಗಡಿಯಿಂದ ಗಿರಾಕಿಗೆ, ಗಿರಾಕಿಯಿಂದ ಬಸ್ಸಿಗೆ, ದೇವಸ್ಥಾನದ ಹುಂಡಿಗೆ, ಮತ್ತೆ ಬ್ಯಾಂಕಿಗೆ. ಹೀಗೆ ಸುತ್ತುತ್ತಿದ್ದರೆ ಯಾರಿಗೂ ಭಾರವಿಲ್ಲ.

ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಅಂಗಡಿಯವರು ಕಮಿಷನ್ ಕೊಟ್ಟು ಚಿಲ್ಲರೆ ತರುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರು, ಕಿರಾಣಿ ಅಂಗಡಿಯಲ್ಲಿ ಎರಡು ರೂಪಾಯಿ ಬದಲು ಚಾಕೊಲೇಟ್ ಕೈಗೆ ಬರುತ್ತಿತ್ತು. ಈಗ ಪೇಟೆಯ ಅಂಗಡಿಗಳಲ್ಲಿ ಫೋನ್‌ಪೇ, ಗೂಗಲ್‌ಪೇ ಬಂದು 37 ರೂಪಾಯಿ ಅಂದರೆ 37 ರೂಪಾಯಿಯೇ ಹೋಗುತ್ತದೆ. ಅವರಿಗೆ ಕಾಯಿನ್ ಬೇಕಾಗಿಲ್ಲ. ಆದರೆ ಕೊಟ್ಟಿಗೆಹಾರ ದಾಟಿ ಸಂಸೆ, ಹೊರನಾಡಿನ ಕಡೆ ಹೋದರೆ ನೆಟ್‌ವರ್ಕ್ ಸಿಗದ ತಿರುವುಗಳು ಬೇಕಾದಷ್ಟಿವೆ. ಅಲ್ಲಿ ನಗದೇ ನಡೆಯುತ್ತದೆ. ತೋಟದ ಬಟವಾಡೆಯ ದಿನ ಲೈನ್ ಮನೆಯವರು ಗೂಡಂಗಡಿಗೆ ಬಂದು ಎಲೆಅಡಿಕೆ, ಬೀಡಿ, ಬಿಸ್ಕತ್ತು ತೆಗೆದುಕೊಳ್ಳುವುದು ನಾಣ್ಯ ಕೊಟ್ಟೇ. ಮುಂದೆ ಮಾಲು ಹಾಕಲು ಬರುವ ಏಜೆನ್ಸಿ ಗಾಡಿಯವರು ಮಾತ್ರ "ನೋಟು ಕೊಡಿ, ಇಲ್ಲಾಂದ್ರೆ ಸ್ಕ್ಯಾನ್ ಮಾಡಿ" ಅನ್ನುತ್ತಾರೆ. ಕೆಳಗಿನಿಂದ ಬಂದ ಚಿಲ್ಲರೆ ಮೇಲೆ ಹೋಗದೆ ಗೂಡಂಗಡಿಯಲ್ಲೇ ಕೂತುಬಿಡುತ್ತದೆ.

ಕಾನೂನಿನಲ್ಲಿ ಎರಡು ಬೇರೆ ಬೇರೆ ಮಾತಿದೆ

ಇಲ್ಲೇ ಹೆಚ್ಚಿನವರು ಎಡವುವುದು. 2011ರ ನಾಣ್ಯ ಕಾಯ್ದೆಯ 6ನೇ ಕಲಂ ಪ್ರಕಾರ, ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳು 1,000 ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ ಹಣ. 50 ಪೈಸೆಯದಾದರೆ 10 ರೂಪಾಯಿವರೆಗೆ. ಅಂದರೆ ಏಜೆನ್ಸಿಯವರಿಗೆ 900 ರೂಪಾಯಿ ಬಾಕಿಯನ್ನು ನಾಣ್ಯದಲ್ಲಿ ಕೊಟ್ಟರೆ ಅದು ಸರಿಯಾದ ಪಾವತಿಯೇ. 5,000 ರೂಪಾಯಿಯನ್ನೂ ನಾಣ್ಯದಲ್ಲೇ ತಗೊಳ್ಳಿ ಅಂತ ಹಠ ಹಿಡಿಯುವ ಹಾಗಿಲ್ಲ.

ಕೆಲವು ಬ್ಯಾಂಕ್ ಶಾಖೆಗಳಲ್ಲಿ ಇದೇ ಸಾವಿರದ ಮಿತಿಯನ್ನು ತೋರಿಸಿ ಜನರನ್ನು ವಾಪಸ್ ಕಳಿಸುವುದುಂಟು. ಆದರೆ ಆ ಮಿತಿ ಇರುವುದು ಒಬ್ಬರು ಇನ್ನೊಬ್ಬರಿಗೆ ಪಾವತಿ ಮಾಡುವಾಗ. ಬ್ಯಾಂಕಿಗೆ ಜಮಾ ಮಾಡುವುದಕ್ಕೆ ಮಿತಿ ಇಲ್ಲ, ಬ್ಯಾಂಕ್‌ಗಳು ಎಷ್ಟು ನಾಣ್ಯ ಬೇಕಾದರೂ ತೆಗೆದುಕೊಳ್ಳಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ನೋಟು ಮತ್ತು ನಾಣ್ಯ ವಿನಿಮಯದ ಬಗ್ಗೆ ಅದು ಕೊಟ್ಟಿರುವ ನಿರ್ದೇಶನದಲ್ಲಿ, ಕೌಂಟರಿಗೆ ತಂದ ಸಣ್ಣ ನೋಟು, ನಾಣ್ಯಗಳನ್ನು ಯಾವ ಶಾಖೆಯೂ ನಿರಾಕರಿಸಬಾರದು ಎಂದಿದೆ. ಜಮಾಕ್ಕೆ ಮಾತ್ರ ಅಲ್ಲ, ವಿನಿಮಯಕ್ಕೂ ತೆಗೆದುಕೊಳ್ಳಬೇಕು. ಆದ್ದರಿಂದ ಕಾಫಿ ಕೊಯ್ಲಿಗೆ ಅಂತ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದು ಇಲ್ಲಿ ಖಾತೆ ಇಲ್ಲದವರೂ ಚಿಲ್ಲರೆ ಕೊಟ್ಟು ನೋಟು ಕೇಳಬಹುದು. ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘ ಮಾತ್ರ ಬ್ಯಾಂಕ್ ಅಲ್ಲ; ಅಲ್ಲಿ ಈ ಮಾತು ನಡೆಯುವುದಿಲ್ಲ.

ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ಬಿಲ್ಲೆಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅವನ್ನು ಬ್ಯಾಂಕಿಗೆ ಹೊತ್ತು ಪ್ರಯೋಜನವಿಲ್ಲ. ಎಂಟಾಣೆ ಮಾತ್ರ ಇವತ್ತಿಗೂ ಹಣವೇ. ಹಳೆ ನಾಣ್ಯಕ್ಕೆ ಲಕ್ಷ ಕೊಡ್ತೀವಿ ಅನ್ನುವ ವಾಟ್ಸಾಪ್ ಸಂದೇಶ ನಂಬಬೇಡಿ. ತನ್ನ ಹೆಸರು ಹೇಳಿ ಶುಲ್ಕ ಕೇಳುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಹತ್ತರ ಕಾಯಿನ್ ಮೇಲಿನ ಅನುಮಾನ

ನಮ್ಮ ಕಡೆ ಹತ್ತು ರೂಪಾಯಿ ನಾಣ್ಯ ಕೊಟ್ಟರೆ "ಇದು ನಡೆಯಲ್ಲ" ಅನ್ನುವವರು ಇನ್ನೂ ಇದ್ದಾರೆ. ರೂಪಾಯಿ ಚಿಹ್ನೆ ಇರುವುದು ಅಸಲಿ, ಇಲ್ಲದ್ದು ನಕಲಿ. ಹತ್ತು ಗೆರೆ ಇದ್ದದ್ದು ಸರಿ, ಹದಿನೈದು ಗೆರೆಯದು ತಪ್ಪು ಅನ್ನುವ ಗುಸುಗುಸುವಿನಿಂದ ಬಂದ ಅನುಮಾನ ಇದು. ರೂಪಾಯಿ ಚಿಹ್ನೆ ಜಾರಿಗೆ ಬಂದದ್ದೇ 2010ರಲ್ಲಿ. ಅದಕ್ಕೂ ಮೊದಲು ಅಚ್ಚಾದ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್, ಹತ್ತರ ನಾಣ್ಯ ಅಲ್ಲಿಯವರೆಗೆ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ಸ್ಪಷ್ಟಪಡಿಸಿತು. ಆದರೂ ಗುಸುಗುಸು ನಿಂತಿಲ್ಲ. ಕಾರಣ ಸರಳ: ಬ್ಯಾಂಕ್ ತೆಗೆದುಕೊಳ್ಳದಿದ್ದರೆ ಅಂಗಡಿಯವನು ತೆಗೆದುಕೊಳ್ಳಲ್ಲ. ಅಂಗಡಿಯವನು ಬೇಡ ಅಂದದ್ದನ್ನು ಊರು "ನಡೆಯಲ್ಲ" ಅನ್ನುತ್ತದೆ.

ಬ್ಯಾಂಕಿನ ಕಡೆಯ ಲೆಕ್ಕ

ಕ್ಯಾಶಿಯರ್‌ನ ಕಷ್ಟ ಸುಳ್ಳಲ್ಲ. ಸಣ್ಣ ಶಾಖೆಯಲ್ಲಿ ಒಬ್ಬರೇ ಕ್ಯಾಶಿಯರ್, ಎದುರಿಗೆ ಸಾಲು. 2011ರ ನಂತರದ ಒಂದು ರೂಪಾಯಿ ನಾಣ್ಯ 3.79 ಗ್ರಾಂ, ಸಾವಿರ ರೂಪಾಯಿ ಅಂದರೆ ಸುಮಾರು 3.8 ಕೆಜಿ. ಅದೇ ಮೊತ್ತ 500 ರೂಪಾಯಿ ನೋಟಿನಲ್ಲಿ ಎರಡೇ ಹಾಳೆ. ತೆಗೆದುಕೊಂಡ ನಾಣ್ಯ ಹೊರಗೆ ಹೋಗದಿದ್ದರೆ ಶಾಖೆಯ ಜಾಗ ತಿನ್ನುತ್ತದೆ.

ಒಂದು ವಿಚಿತ್ರ ನೋಡಿ. ನಾಣ್ಯ ಹಂಚಿದ್ದಕ್ಕೆ ಬ್ಯಾಂಕ್‌ಗಳಿಗೆ ಚೀಲವೊಂದಕ್ಕೆ ಸಿಗುತ್ತಿದ್ದ 25 ರೂಪಾಯಿ ಪ್ರೋತ್ಸಾಹಧನವನ್ನು ರಿಸರ್ವ್ ಬ್ಯಾಂಕ್ 2021ರ ಸೆಪ್ಟೆಂಬರ್‌ನಿಂದ 65 ರೂಪಾಯಿಗೆ ಏರಿಸಿತು, ಗ್ರಾಮೀಣ ಭಾಗಕ್ಕೆ ಇನ್ನೂ 10 ರೂಪಾಯಿ ಸೇರಿಸಿತು. ಈ ಪ್ರೋತ್ಸಾಹ ಇರುವುದು ಹಂಚುವುದಕ್ಕೆ. ಗೂಡಂಗಡಿಯಿಂದ ವಾಪಸ್ ತೆಗೆದುಕೊಳ್ಳುವುದು ಶಾಖೆಯ ಪಾಲಿಗೆ ಕರ್ತವ್ಯ ಮಾತ್ರ. ಲಾಭವಿಲ್ಲದ ಕರ್ತವ್ಯ "ಮುಂದಿನ ವಾರ"ಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಮಾಡಿಕೊಂಡು ಹೋಗಿ

ಅಮೆರಿಕದಲ್ಲಿ ನಾಣ್ಯಗಳನ್ನು ಕಾಗದದ ಸುರುಳಿಯಲ್ಲಿ ಸುತ್ತಿ ಬ್ಯಾಂಕಿಗೆ ಕೊಡುವ ರೂಢಿ ಇದೆ. ನಮ್ಮಲ್ಲಿ ನೂರು ನೂರರ ಪ್ಲಾಸ್ಟಿಕ್ ಕವರ್. ಇದು ರಿಸರ್ವ್ ಬ್ಯಾಂಕ್ ನಿರ್ದೇಶನದಲ್ಲೇ ಇದೆ: ಒಂದು, ಎರಡು ರೂಪಾಯಿ ನಾಣ್ಯಗಳನ್ನು ತೂಕದ ಮೇಲೆ ತೆಗೆದುಕೊಳ್ಳಬಹುದು, ನೂರರ ಕವರ್ ಆದರೆ ಇಬ್ಬರಿಗೂ ಅನುಕೂಲ, ಅಂಥ ಕವರುಗಳನ್ನು ಕೌಂಟರಿನಲ್ಲೇ ಇಟ್ಟಿರಬೇಕು.

ಮೊದಲು ಬೆಲೆ ನೋಡಿ ಬೇರೆ ಮಾಡಿ, ಆಮೇಲೆ ಗಾತ್ರ ನೋಡಿ. ಇದನ್ನು ಬಿಡಬೇಡಿ. ತೊಂಬತ್ತರ ದಶಕದ ಸ್ಟೀಲಿನ ಒಂದು ರೂಪಾಯಿ ಮತ್ತು 2011ರ ನಂತರದ ಎರಡು ರೂಪಾಯಿ ಎರಡೂ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. ಕೈಗೂ ತಕ್ಕಡಿಗೂ ವ್ಯತ್ಯಾಸ ಗೊತ್ತಾಗಲ್ಲ, ಅಂಕಿ ಓದಲೇಬೇಕು. ಹಾಗೆಯೇ ಒಂದು ರೂಪಾಯಿಯ ಹಳೆಯದು ನೂರು ಸೇರಿದರೆ 485 ಗ್ರಾಂ, 2011ರ ನಂತರದ್ದು 379 ಗ್ರಾಂ, 2019ರಲ್ಲಿ ಬಂದ ಸಣ್ಣದು 309 ಗ್ರಾಂ. ಮೂರನ್ನೂ ಬೆರೆಸಿ ತೂಗಿದರೆ ಲೆಕ್ಕ ಕೆಡುತ್ತದೆ, ಕೆಟ್ಟರೆ ಕ್ಯಾಶಿಯರ್ ಕೈಯಿಂದ ಹೋಗುತ್ತದೆ. ಅವರು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ಪ್ರತಿ ಕವರಿನ ಮೇಲೆ ಚೀಟಿ ಅಂಟಿಸಿ: ಎಷ್ಟರ ನಾಣ್ಯ, ಎಷ್ಟು, ನಿಮ್ಮ ಹೆಸರು. ತಿಂಗಳ ಮೊದಲ ವಾರ, ಸಂತೆಯ ದಿನ, ರಜೆಯ ಮಾರನೇ ದಿನ ಬೇಡ. ಒಂದೇ ಸಲ ಚೀಲ ಹೊರುವ ಬದಲು ನಾಲ್ಕೈದು ಕವರ್ ಒಯ್ಯಿರಿ. ಶುಲ್ಕದ ಮಾತು ಬಂದರೆ ಶುಲ್ಕಪಟ್ಟಿ ತೋರಿಸಿ ಅಂತ ಕೇಳಿ. ಕೆಲವು ಬ್ಯಾಂಕ್‌ಗಳು ಹೆಚ್ಚಿನ ನಾಣ್ಯಕ್ಕೆ ನಿರ್ವಹಣಾ ಶುಲ್ಕ ಹಾಕುತ್ತವೆ.

ಆದರೂ ಬೇಡ ಅಂದರೆ ಜಗಳ ಬೇಡ. ಬೇಡ ಅಂದದ್ದನ್ನು ಬರೆದುಕೊಡಿ ಅನ್ನಿ. ಹೆಚ್ಚಿನ ಸಲ ಅಲ್ಲೇ ಕೆಲಸ ಆಗುತ್ತದೆ. ಆಗದಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಸಹಾಯವಾಣಿ 14448.

ಬದಲಾಗಬೇಕಾದ್ದು

2023ರಲ್ಲಿ ರಿಸರ್ವ್ ಬ್ಯಾಂಕ್, ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಾಣ್ಯ ಉದುರಿಸುವ ಯಂತ್ರವನ್ನು 12 ನಗರಗಳಲ್ಲಿ ಪ್ರಯೋಗ ಮಾಡುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಅದೂ ಹಂಚುವ ಯಂತ್ರ. ನಮಗೆ ಬೇಕಾಗಿರುವುದು ತೆಗೆದುಕೊಳ್ಳುವ ಕಿಟಕಿ. ತಿಂಗಳಿಗೆ ಒಂದು ದಿನ, ಮೂಡಿಗೆರೆಯಲ್ಲಿ ಒಂದು ಶಾಖೆ, ಕಳಸದಲ್ಲಿ ಒಂದು ಶಾಖೆ, ಒಂದು ಎಣಿಕೆ ಯಂತ್ರ, ಬಾಗಿಲಲ್ಲಿ ಒಂದು ಬೋರ್ಡು. ಕಳಸದಿಂದ ಜಿಲ್ಲಾ ಕೇಂದ್ರ ಸುಮಾರು 90 ಕಿಲೋಮೀಟರ್. ಇದಕ್ಕಾಗಿ ಅಷ್ಟು ದೂರ ಯಾರೂ ಹೋಗಬೇಕಾಗಿ ಬರಬಾರದು. ಜಿಲ್ಲಾ ಮಟ್ಟದ ಬ್ಯಾಂಕರ್‌ಗಳ ಸಭೆಯಲ್ಲಿ ಐದು ನಿಮಿಷದಲ್ಲಿ ತೀರ್ಮಾನ ಮಾಡಬಹುದಾದ ಕೆಲಸ ಇದು.

ನಾಣ್ಯದ ಮೇಲಿರುವ ಸಿಂಹದ ಮುದ್ರೆ ಸರ್ಕಾರ ಕೊಟ್ಟ ಮಾತು: ಇದು ಹಣ, ಎಲ್ಲರೂ ಒಪ್ಪಬೇಕು. ಆ ಮಾತು ಟಂಕಸಾಲೆಯಲ್ಲಿ ಒಂದು ಬೆಲೆಗೆ, ಲೈನ್ ಮನೆಯ ಬಾಗಿಲಲ್ಲಿ ಇನ್ನೊಂದು ಬೆಲೆಗೆ ನಡೆಯಬಾರದು.